ಅಪ್ಪನ ಸಂತೆ ತಪ್ಪಿಸಿದ ಪ್ಲಗ್

ಅಪ್ಪ ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಮಾರುತ್ತಾರೆ. ಅವರ ಹಳೆಯ ಕಾರ್ಬ್ಯುರೇಟರ್ ಓಮ್ನಿ ಏರು ರಸ್ತೆ ಬಂದರೆ ಸಾಕು, ಮಿಸ್ಸಿಂಗ್ ಹೊಡೆಯುತ್ತಿತ್ತು. ‘ಮೆಕ್ಯಾನಿಕಲ್ ಓದ್ತಿದ್ದೀಯಲ್ಲ, ಸ್ವಲ್ಪ ನೋಡೋ’ ಅಂದರು. ರಜೆಗೆ ಬಂದಿದ್ದ ನನಗೆ ಅಷ್ಟೇ ಬೇಕಿತ್ತು. ಮುಂದಿನ ಸೀಟು ಎತ್ತಿ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ತುದಿಯೆಲ್ಲ ಕಪ್ಪು ಮಸಿ. ಇನ್ನೂ ಬಿಸಿಯಾಗುವ ಪ್ಲಗ್ ಹಾಕಿದರೆ ಮಸಿ ಸುಟ್ಟುಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಹಳೆಯ ಎನ್‌ಜಿಕೆ ಪ್ಲಗ್ 6ನೇ ನಂಬರಿನದು. 7 ತಂದು ಬಿಗಿದೆ.

ಎರಡನೇ ಸಂತೆಗೇ ಗಾಡಿ ನಡುದಾರಿಯಲ್ಲಿ ನಿಂತಿತು. ಅಪ್ಪ ತಲುಪುವಷ್ಟರಲ್ಲಿ ಮಧ್ಯಾಹ್ನ. ರಾತ್ರಿ ಬಟ್ಟೆಗಂಟುಗಳನ್ನು ಬಿಚ್ಚದೆ ಹಾಗೇ ಇಳಿಸಿದರು. ನನಗೆ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಗ್ಯಾರೇಜಿನ ಅಣ್ಣ ಪ್ಲಗ್ ನೋಡಿ ನಕ್ಕರು. ‘ಇದರಲ್ಲಿ ನಂಬರ್ ಜಾಸ್ತಿ ಆದಷ್ಟೂ ಪ್ಲಗ್ ತಣ್ಣಗೆ ಕಣಪ್ಪ. ಬಾಷ್‌ನಲ್ಲಿ ಉಲ್ಟಾ.’ ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದರ ಗುರುತು ಆ ನಂಬರ್. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಮಸಿ ಸುಡುವುದಿಲ್ಲ. 850 ದಾಟಿದರೆ ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೇ ಅಪಾಯ. ಹಾಗಾಗಿ ಗಾಡಿಯ ಪುಸ್ತಿಕೆ ಹೇಳಿದ ನಂಬರೇ ಕ್ಷೇಮ.

‘ಗ್ಯಾಪ್ ನೋಡಿದ್ಯಾ?’

‘ಹೊಸದಲ್ವಾ ಅಣ್ಣ?’

ಫೀಲರ್ ಗೇಜ್ ಹಾಕಿದರೆ 1 ಮಿ.ಮೀ. ಇತ್ತು. ನಮ್ಮ ಗಾಡಿಗೆ ಬೇಕಾದದ್ದು 0.7ರಿಂದ 0.8. ಗ್ಯಾಪ್ ಹೆಚ್ಚಾದರೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಏರಿನಲ್ಲಿ ಲೋಡ್ ಬಿದ್ದಾಗ ಕಿಡಿ ತಪ್ಪುತ್ತದೆ. ತೀರಾ ಕಡಿಮೆಯಾದರೆ ಕಿಡಿ ಸಣ್ಣದಾಗಿ ಐಡ್ಲಿಂಗ್ ಕೆಡುತ್ತದೆ. ಅಣ್ಣ ಹೊರಗಿನ ಬಾಗಿದ ಎಲೆಕ್ಟ್ರೋಡನ್ನಷ್ಟೇ ಮೆಲ್ಲಗೆ ತಟ್ಟಿ, ಗೇಜ್ ತುಸು ಹಿಡಿದಂತೆ ಜಾರುವವರೆಗೆ ಸರಿಮಾಡಿ ತೋರಿಸಿದರು. ನಡುವಿನದನ್ನು ಮೀಟಬಾರದು, ಇರಿಡಿಯಂ ಪ್ಲಗ್ ಆದರೆ ಅದರ ಸೂಜಿಯಂಥ ತುದಿ ಮುರಿದೇ ಹೋದೀತು. ಎಂಜಿನ್ ತಣ್ಣಗಿರುವಾಗ ಕೈಯಲ್ಲೇ ಕೊನೆಯವರೆಗೆ ತಿರುಗಿಸಬೇಕು. ವಾಷರ್ ಇರುವ ಹೊಸ ಪ್ಲಗ್‌ಗೆ ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು.

ಕೊನೆಗೆ ಏರ್ ಫಿಲ್ಟರ್ ತೆಗೆದು ನೆಲಕ್ಕೆ ಕುಟ್ಟಿದರು. ಊರೂರಿನ ಧೂಳು ಉದುರಿತು. ಗಾಳಿ ಸಾಲದೆ, ಪೆಟ್ರೋಲ್ ಹೆಚ್ಚಾಗಿ ಮಸಿ ಕಟ್ಟಿತ್ತು. ಕಪ್ಪು ಪ್ಲಗ್ ಮೊದಲ ದಿನವೇ ಅದನ್ನು ಹೇಳಿತ್ತು, ನನಗೆ ಓದಲು ಬರಲಿಲ್ಲ.

6ನೇ ನಂಬರಿನ ಮೂರು ಪ್ಲಗ್, ಒಂದು ಫಿಲ್ಟರ್. ಮುಂದಿನ ಸಂತೆಗೆ ಓಮ್ನಿ ಸಲೀಸಾಗಿ ಏರು ಹತ್ತಿತು. ಎಂಜಿನ್ ವಿಷಯದ ಪರೀಕ್ಷೆಯಲ್ಲಿ ನನಗೆ 82 ಅಂಕ ಬಂದಿತ್ತು. ಫೀಲರ್ ಗೇಜನ್ನು ಮೊನ್ನೆಯಷ್ಟೇ ಕೊಂಡೆ. ಸಂತೆ ತಪ್ಪಿದ ದಿನ ಎಷ್ಟು ನಷ್ಟವಾಯಿತೆಂದು ಅಪ್ಪ ಇನ್ನೂ ಹೇಳಿಲ್ಲ.