ರೋಗದ ಕುನ್ನಿಯೂ ಮನೆಯ ತೀರ್ಮಾನವೂ

ನಾಯಿಮರಿಯನ್ನು ಕಂಡೊಡನೆ ಎತ್ತಿಕೊಳ್ಳುವುದು ಸುಲಭ. ಮರಿ ದುಂಡಗೆ, ಚುರುಕಾಗಿದ್ದರೆ ಅದನ್ನು ಸಾಕಲು ನಾಲ್ಕು ಮನೆಯವರು ಮುಂದೆ ಬರುತ್ತಾರೆ. ಅದೇ ಮರಿ ಬೊಗಸೆಯಷ್ಟೇ ಇದ್ದು, ಹೊಟ್ಟೆಯುಬ್ಬಿ, ಕಣ್ಣಿಗೆ ಪಿಸುರು ಕಟ್ಟಿ, ನಿಂತಲ್ಲಿಯೇ ತೂರಾಡುತ್ತಿದ್ದರೆ ಆಗ ಪ್ರಶ್ನೆ ಏಳುತ್ತದೆ: ಇದನ್ನು ಇಟ್ಟುಕೊಳ್ಳಬೇಕೇ, ಬೇಡವೇ? "ಅಯ್ಯೋ ಪಾಪ" ಎನ್ನುವವರು ಒಂದು ಕಡೆ, "ಸಾಯುವುದಕ್ಕೆ ಯಾಕೆ ಖರ್ಚು" ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತುಗಳಲ್ಲಿ ಯಾವುದೂ ಉತ್ತರವಲ್ಲವೆಂದು ನನಗೆ ತೋರುತ್ತದೆ. ಏಕೆಂದರೆ, ಒಂದು ಪ್ರಶ್ನೆಯಂತೆ ಕಾಣುವ ಇದರಲ್ಲಿ ನಿಜವಾಗಿ ಮೂರು ಪ್ರಶ್ನೆಗಳಿವೆ. ಈ ರಾತ್ರಿ ಅದನ್ನು ಉಳಿಸುವುದು ಹೇಗೆ? ಅದರ ಕಾಯಿಲೆ ಎಂಥದು? ಮುಂದೆ ಹತ್ತು ಹನ್ನೆರಡು ವರ್ಷ ಅದನ್ನು ನೋಡಿಕೊಳ್ಳುವವರು ಯಾರು? ಈ ಮೂರನ್ನೂ ಬೇರೆಬೇರೆಯಾಗಿ, ಇದೇ ಕ್ರಮದಲ್ಲಿ ಕೇಳಿಕೊಂಡರೆ ತೀರ್ಮಾನ ಸುಲಭವಾಗದಿದ್ದರೂ ಸ್ಪಷ್ಟವಾಗುತ್ತದೆ.

ಮೊದಲು ಈ ಸಮಸ್ಯೆ ಎಷ್ಟು ದೊಡ್ಡದೆಂಬುದನ್ನು ನೋಡೋಣ. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದ ಏಳು ಕಡೆಗಳಲ್ಲಿ ಐದು ವರ್ಷ ಬೀದಿನಾಯಿಗಳ ಮರಿಗಳನ್ನು ಗಮನಿಸಿ, ೨೦೧೬ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ೯೫ ಸೂಲುಗಳ ೩೬೪ ಮರಿಗಳ ಪೈಕಿ, ತಾವೇ ಮರಿ ಹಾಕುವ ವಯಸ್ಸಿನವರೆಗೆ ಬದುಕಿದ್ದು ನೂರಕ್ಕೆ ಸುಮಾರು ೧೯ ಮಾತ್ರ. ಸಾವುಗಳಲ್ಲಿ ನೂರಕ್ಕೆ ೬೩ರಷ್ಟಕ್ಕೆ ಮನುಷ್ಯನೇ ಒಂದಲ್ಲ ಒಂದು ರೀತಿಯಲ್ಲಿ ಕಾರಣನಾಗಿದ್ದ. ಅಂದರೆ ಬೀದಿಯಲ್ಲಿ ಹುಟ್ಟಿದ ಐದು ಮರಿಗಳಲ್ಲಿ ನಾಲ್ಕು ಬೆಳೆಯುವ ಮೊದಲೇ ಹೋದುವು. ದುರ್ಬಲವಾದ ಮರಿಯನ್ನು "ಅದರ ಪಾಡಿಗೆ ಬಿಡುವುದು" ಎಂದರೆ ಏನೆಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ಎಲ್ಲ ಮರಿಗಳನ್ನೂ ಎತ್ತಿಕೊಳ್ಳುವುದು ಯಾರಿಂದಲೂ ಆಗದೆಂಬುದೂ ಇದರಿಂದಲೇ ತಿಳಿಯುತ್ತದೆ.

ಈ ಲೇಖನಕ್ಕೆ ನನಗೆ ಆಧಾರವಾದುದು ನಮ್ಮ ಮನೆಯದೇ ಒಂದು ಉದಾಹರಣೆ. ೨೦೨೪ರ ಆಷಾಢದಲ್ಲಿ ನಮ್ಮ ಹುಲ್ಲಿನ ಮೆದೆಯ ಮಗ್ಗುಲಲ್ಲಿ ಊರನಾಯಿಯೊಂದು ಐದು ಮರಿ ಹಾಕಿತು. ನಾಲ್ಕು ವಾರ ತುಂಬುವ ಹೊತ್ತಿಗೆ ಎರಡು ಸತ್ತಿದ್ದುವು. ತಾಯಿಯೂ ರಸ್ತೆಯಲ್ಲಿ ಲಾರಿಗೆ ಸಿಕ್ಕಿತು. ಎರಡು ಗಂಡುಮರಿಗಳನ್ನು ನೆಂಟರು ಒಯ್ದರು. ಉಳಿದದ್ದು ಎಲ್ಲಕ್ಕಿಂತ ಚಿಕ್ಕದು, ಅದೂ ಹೆಣ್ಣು. ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ೬೦೦ ಗ್ರಾಂ. ನೆಂಟರು ಒಯ್ದ ಮರಿಗಳಲ್ಲಿ ಒಂದು ಇದರ ಎರಡರಷ್ಟಿತ್ತು. ಇದರ ಒಸಡು ಬಿಳಿಚಿತ್ತು, ಹೊಟ್ಟೆ ಡೊಳ್ಳಾಗಿತ್ತು, ಎಡಗಣ್ಣಿನ ಮೇಲೆ ಬಿಳಿಯ ಪೊರೆ ಇತ್ತು.

ಈಗ ಮೊದಲನೆಯ ಪ್ರಶ್ನೆ. ಈ ರಾತ್ರಿ ಉಳಿಸಲು ಬೇಕಾದುದು ಔಷಧಕ್ಕಿಂತ ಮೊದಲು ಶಾಖ. ಹುಟ್ಟಿದ ಮೊದಲ ದಿನಗಳಲ್ಲಿ ನಾಯಿಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ತಾಯಿಯ ಮೈಯೇ ಅದಕ್ಕೆ ಒಲೆ. ಕೆಲವು ವಾರದ ಮರಿಯೂ ಬಡಕಲಾಗಿದ್ದರೆ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮರಿಯ ಕರುಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಆದುದರಿಂದ ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯನ್ನು ಪಕ್ಕದಲ್ಲಿಟ್ಟು ಮೈ ಬೆಚ್ಚಗೆ ಮಾಡಿ, ಆಮೇಲೆಯೇ ಹಾಲು ಕೊಡಬೇಕು. ಎಳೆಯ ಮರಿಯ ಮೈಯಲ್ಲಿ ಸಕ್ಕರೆಯ ದಾಸ್ತಾನು ಬಲು ಕಡಮೆ; ಕೆಲವು ಗಂಟೆ ಹೊಟ್ಟೆಗಿಲ್ಲದಿದ್ದರೂ ಅದು ಸೋತು ಮಲಗಿಬಿಡುತ್ತದೆ. ಆಗ ಜೇನನ್ನೋ ಸಕ್ಕರೆಯ ಪಾಕವನ್ನೋ ಬೆರಳಿನಿಂದ ಒಸಡಿಗೆ ಸವರಿದರೆ ಸ್ವಲ್ಪ ಚೇತರಿಸಿಕೊಳ್ಳುವುದುಂಟು.

ಹಾಲಿನ ವಿಷಯದಲ್ಲಿಯೂ ಒಂದು ತಿಳಿವಳಿಕೆ ಅಗತ್ಯ. ಹಸುವಿನ ಹಾಲಿಗಿಂತ ನಾಯಿಯ ಹಾಲಿನಲ್ಲಿ ಕೊಬ್ಬೂ ಸಸಾರಜನಕವೂ ಎರಡರಷ್ಟಕ್ಕೂ ಹೆಚ್ಚು. ಹಾಲಿನ ಸಕ್ಕರೆ ಮಾತ್ರ ಕಡಮೆ. ಬರಿಯ ಹಸುವಿನ ಹಾಲನ್ನೇ ಕುಡಿಸಿದರೆ ಮರಿಗೆ ಭೇದಿಯಾಗಬಹುದು, ಮೈಯೂ ಹತ್ತುವುದಿಲ್ಲ. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಪಟ್ಟಣದಲ್ಲಿ ದೊರೆಯುತ್ತದೆ. ನಾಲ್ಕು ವಾರ ಕಳೆದ ಮರಿಗಾದರೆ ಬೇಯಿಸಿದ ಮೊಟ್ಟೆಯನ್ನು ಮೆತ್ತನೆಯ ಅನ್ನದಲ್ಲಿ ಕಿವುಚಿ ಸ್ವಲ್ಪಸ್ವಲ್ಪವಾಗಿ ತಿನ್ನಿಸಬಹುದು. ಕೂಸಿನಂತೆ ಅಂಗಾತ ಮಲಗಿಸಿ ಹಾಲು ಹಾಕಬಾರದು. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿ ಹೊಟ್ಟೆಯ ಮೇಲೆ ಮಲಗಿರುವಂತೆಯೇ ಕುಡಿಸಬೇಕು. ಮನುಷ್ಯರ ಜ್ವರದ ಗುಳಿಗೆಯನ್ನು ಎಂದಿಗೂ ಕೊಡಬಾರದು. ಕಜ್ಜಿಗೆ ಸೀಮೆಎಣ್ಣೆಯನ್ನೋ ಗಾಡಿಯ ಹಳೆಯ ಆಯಿಲನ್ನೋ ಬಳಿಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ; ಮರಿ ಅದನ್ನು ನೆಕ್ಕಿ ವಿಷವೇರಿ ಸಾಯಬಹುದು.

ಇಷ್ಟನ್ನು ಮಾಡಲು ಮರಿಯನ್ನು ಸಾಕುವ ತೀರ್ಮಾನ ಆಗಿರಬೇಕಾದುದಿಲ್ಲ. ಒಂದೆರಡು ದಿನದ ಶಾಖವೂ ಹಾಲೂ ಕಣ್ಣೆದುರಿಗೆ ಬಿದ್ದ ಯಾವ ಜೀವಕ್ಕಾದರೂ ಸಲ್ಲತಕ್ಕದ್ದು. ಈ ಮಾತನ್ನು ಮನೆಯಲ್ಲಿ ಮೊದಲೇ ಹೇಳಿಬಿಟ್ಟರೆ ಆ ರಾತ್ರಿಯ ಜಗಳ ತಪ್ಪುತ್ತದೆ.

ಎರಡನೆಯದು ಕಾಯಿಲೆಯ ಪ್ರಶ್ನೆ. ಚಿಕ್ಕದಾಗಿರುವುದೇ ಒಂದು ರೋಗವಲ್ಲ. ಗರ್ಭದಲ್ಲಿ ಪೋಷಣೆ ಸಾಲದೆ, ಮೊಲೆಗಾಗಿ ನಡೆಯುವ ನೂಕಾಟದಲ್ಲಿ ಹಿಂದೆ ಬಿದ್ದು, ಇಲ್ಲವೆ ಹೊಟ್ಟೆಯ ಹುಳುಗಳಿಂದ ಮರಿ ಬಡವಾಗುತ್ತದೆ. ಕಾಯಿಲೆಗಳನ್ನು ತಿಳಿವಳಿಕೆಯ ಅನುಕೂಲಕ್ಕಾಗಿ ಮೂರು ಗುಂಪು ಮಾಡಬಹುದು: ಹೋಗುವಂಥವು, ಹೋರಾಡಬೇಕಾದಂಥವು, ಉಳಿಯುವಂಥವು.

ಹೋಗುವಂಥವುಗಳಲ್ಲಿ ಮುಖ್ಯವಾದುದು ಜಂತು. ದುಂಡುಹುಳು ತಾಯಿಯ ಗರ್ಭದಲ್ಲಿಯೇ ಮರಿಯನ್ನು ಸೇರುತ್ತದೆ. ಕೊಕ್ಕೆಹುಳು ತಾಯಿಯ ಹಾಲಿನ ಮೂಲಕವೂ ಬರುತ್ತದೆ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವುದರಿಂದ ಒಸಡು ಬಿಳಿಚುತ್ತದೆ. ಇದಕ್ಕೆ ಔಷಧ ಅಗ್ಗ. ಎರಡು ವಾರದ ವಯಸ್ಸಿನಿಂದಲೇ ಕೊಡಬಹುದು, ಎರಡು ವಾರಕ್ಕೊಮ್ಮೆ ಮತ್ತೆ ಕೊಡಬೇಕು. ಆದರೆ ಪ್ರಮಾಣ ಮರಿಯ ತೂಕಕ್ಕೆ ತಕ್ಕಂತಿರಬೇಕು. ತೂಗದೆ ಅಂದಾಜಿನಿಂದ ಹಾಕುವುದು ಅಪಾಯ. ಚಿಗಟ, ಉಣ್ಣೆ, ಕಜ್ಜಿ ಇವೂ ಈ ಗುಂಪಿನವೇ. ಒಂದು ಬಗೆಯ ಕಜ್ಜಿ ಮನುಷ್ಯರಿಗೂ ಅಂಟುವುದರಿಂದ ಮನೆಯ ಮಕ್ಕಳನ್ನು ಕೆಲವು ದಿನ ದೂರವಿಡಬೇಕು.

ಹೋರಾಡಬೇಕಾದಂಥವುಗಳಲ್ಲಿ ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಎರಡು ವೈರಸ್ ರೋಗಗಳು ಪ್ರಸಿದ್ಧವಾದುವು. ಪಾರ್ವೊ ೧೯೭೮ರ ಸುಮಾರಿಗೆ ಲೋಕವನ್ನೆಲ್ಲ ಹಬ್ಬಿದ ರೋಗ. ಅದು ಕರುಳಿನ ಒಳಪೊರೆಯನ್ನು ಕೆಡಿಸಿ ವಾಂತಿಯನ್ನೂ ರಕ್ತಭೇದಿಯನ್ನೂ ತರುತ್ತದೆ. ಬೇಗ ಆಸ್ಪತ್ರೆಗೆ ಒಯ್ದು ರಕ್ತನಾಳದ ಮೂಲಕ ನೀರು, ಲವಣ ಕೊಡಿಸಿದರೆ ಅನೇಕ ಮರಿಗಳು ಉಳಿಯುತ್ತವೆ. ಬಿಟ್ಟರೆ ಹೆಚ್ಚಿನವು ಸಾಯುತ್ತವೆ. ಇದರ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದುದರಿಂದ ಪಾರ್ವೊದಿಂದ ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ಕೂಡಲೇ ತರಬಾರದು. ಡಿಸ್ಟೆಂಪರ್ ಬಂದು ಬದುಕಿದ ನಾಯಿಗೆ ಕೈಕಾಲು ಅದಿರುವುದು ಜೀವಮಾನವೆಲ್ಲ ಉಳಿಯುವುದುಂಟು. ಈ ಎರಡಕ್ಕೂ ಲಸಿಕೆಗಳಿವೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಪ್ರಾರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು.

ಉಳಿಯುವಂಥವು ಹುಟ್ಟಿನಿಂದ ಬಂದ ದೋಷಗಳು: ಸೀಳಿದ ಅಂಗುಳು, ಹೃದಯದ ದೋಷ, ತಲೆಯಲ್ಲಿ ನೀರು ತುಂಬುವುದು, ಕುರುಡು. ಇಲ್ಲಿ ವೈದ್ಯರನ್ನು ಕೇಳಬೇಕಾದುದು "ಗುಣವಾಗುತ್ತದೆಯೇ" ಎಂದಷ್ಟೇ ಅಲ್ಲ. "ಇದರಿಂದ ಅದಕ್ಕೆ ನೋವಿದೆಯೇ, ತಾನಾಗಿ ತಿಂದು ಓಡಾಡಿಕೊಂಡಿರಬಲ್ಲದೇ" ಎಂದು. ನಾಯಿ ಲೋಕವನ್ನು ಹೆಚ್ಚಾಗಿ ಮೂಗಿನಿಂದ ತಿಳಿಯುವ ಪ್ರಾಣಿ. ಒಂದು ಕಣ್ಣಿಲ್ಲದ, ಒಂದು ಕಾಲಿಲ್ಲದ ನಾಯಿಗಳು ನೆಮ್ಮದಿಯಾಗಿ ಬಾಳುತ್ತವೆ. ನೋಡುವವರಿಗೆ ಆಗುವ ಸಂಕಟವನ್ನು ನಾಯಿಯ ಸಂಕಟವೆಂದು ತಿಳಿಯಬಾರದು.

ನಮ್ಮ ಕುನ್ನಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಅಪ್ಪನೂ ನಾನೂ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋದೆವು. ನಮ್ಮೂರಿನವರು ದನದ ಡಾಕ್ಟರೆಂದು ಕರೆಯುವ ಆ ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳಿ, ಹೃದಯದ ಬಡಿತದ ಜೊತೆಗೆ ಬೇರೊಂದು ಸದ್ದಿದೆ ಎಂದರು. "ರಕ್ತ ತೀರ ಕಡಮೆಯಾದರೂ ಹೀಗೆ ಕೇಳಿಸುತ್ತದೆ, ಹೃದಯದಲ್ಲಿಯೇ ದೋಷವಿದ್ದರೂ ಕೇಳಿಸುತ್ತದೆ. ಹುಳಕ್ಕೆ, ರಕ್ತಕ್ಕೆ ಔಷಧ ಕೊಡಿ. ಮೂರು ವಾರ ಬಿಟ್ಟು ಕರೆದುಕೊಂಡು ಬನ್ನಿ, ಮತ್ತೆ ಕೇಳೋಣ. ಕಣ್ಣಿನ ಆಸೆ ಬಿಡಿ" ಎಂದರು. ಅಂದರೆ ಆ ದಿನ ಕಾಯಿಲೆಯ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ ದೊರೆಯಿತು. ಇಂಥ ಸಂದರ್ಭಗಳಲ್ಲಿ ಹೀಗಾಗುವುದೇ ಹೆಚ್ಚು. ಅರ್ಧ ಉತ್ತರವನ್ನು ಇಟ್ಟುಕೊಂಡು ಪೂರ್ತಿ ತೀರ್ಮಾನ ಮಾಡದೆ ಕಾಯುವುದೂ ಒಂದು ವಿವೇಕ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಮಹಾಭಾರತದ ಧರ್ಮರಾಯನು ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಧರ್ಮರಾಯನು ಆಗ ಮನೆಮಠಗಳನ್ನು ಬಿಟ್ಟು ಹೊರಟವನು. ಅವನಿಗೆ ಪರೀಕ್ಷೆಯ ಶುಲ್ಕವಾಗಲಿ ಮರುದಿನದ ಕೂಲಿಯ ಚಿಂತೆಯಾಗಲಿ ಇರಲಿಲ್ಲ. ಸಂಸಾರದಲ್ಲಿರುವವರು ಲೆಕ್ಕ ಹಾಕಿಯೇ ಧರ್ಮವನ್ನು ನಡೆಸಬೇಕಾಗುತ್ತದೆ. ನಾನು ಕುನ್ನಿಯನ್ನು ಒಳಗೆ ತಂದ ದಿನ ಅವ್ವ ಕೇಳಿದ್ದು ಒಂದೇ ಮಾತು: "ಮಗಾ, ನೀನು ಬೆಳಗ್ಗೆ ಎದ್ದು ಕಾಲೇಜಿಗೆ ಹೋಗ್ತೀಯ. ಇದರ ಗಲೀಜು ಬಳಿಯೋಳು ನಾನು. ನನಗೆ ಆಗುತ್ತಾ ಅಂತ ಯಾರು ಕೇಳೋರು?" ನಾಯಿ ಸಾಕುವ ವಿಷಯವಾಗಿ ನಾನು ಕೇಳಿದ ಮಾತುಗಳಲ್ಲೆಲ್ಲ ಇದಕ್ಕಿಂತ ಸರಿಯಾದುದು ಇಲ್ಲ. ದಯೆ ಒಬ್ಬರದು, ದುಡಿಮೆ ಇನ್ನೊಬ್ಬರದು ಆಗಕೂಡದು.

ಆ ಸಂಜೆ ನಾವು ಮೂವರೂ ಕುಳಿತು ಮಾತಾಡಿದೆವು. ಔಷಧಕ್ಕೂ ಬಸ್ಸಿಗೂ ಅಪ್ಪನ ಎರಡು ದಿನದ ಕೂಲಿ ಆಗಲೇ ಹಿಡಿದಿತ್ತು. ಇನ್ನೆರಡು ದಿನದ ಕೂಲಿಯಷ್ಟು ಖರ್ಚು ಮಾಡಬಹುದು, ಅದಕ್ಕೆ ಮೇಲೆ ಆಗದು ಎಂದು ಅಪ್ಪ ಹೇಳಿದರು. ಮುಂಜಾನೆಯೂ ರಾತ್ರಿಯೂ ನನ್ನ ಸರದಿ, ಹಗಲು ಅವ್ವನದು ಎಂದಾಯಿತು. ಗಡುವು ಮೂರು ವಾರ. ಅಷ್ಟರಲ್ಲಿ ತೂಕ ಏರದೆ, ಮರಿ ನರಳುತ್ತಿದ್ದರೆ, ಡಾಕ್ಟರು ಹೇಳಿದಂತೆ ನಡೆಯುವುದು. ಹೀಗೆ ಮುಂಚೆಯೇ ಮಿತಿಯನ್ನು ಮಾತಾಡಿಕೊಳ್ಳುವುದು ಕ್ರೂರವೆಂದು ಕೆಲವರಿಗೆ ತೋರಬಹುದು. ಮಿತಿಯಿಲ್ಲದೆ ಪ್ರಾರಂಭಿಸಿದ ಮನೆಗಳಲ್ಲಿ ದುಡ್ಡು ಮುಗಿದ ದಿನ ಮರಿ ಸಂತೆಯ ಮೂಲೆಗೆ ಬೀಳುವುದನ್ನು ನೋಡಿದವರಿಗೆ ಹಾಗೆ ತೋರಲಾರದು.

ಮೂರು ವಾರದಲ್ಲಿ ೬೦೦ ಗ್ರಾಂ ಹೋಗಿ ೧೩೫೦ ಆಯಿತು. ಒಸಡಿಗೆ ಬಣ್ಣ ಬಂತು. ಡಾಕ್ಟರು ಮತ್ತೆ ಕೊಳವೆಯಿಟ್ಟು ಕೇಳಿ, ಆ ಸದ್ದು ಈಗ ಇಲ್ಲವೆಂದರು. ಎಡಗಣ್ಣು ಮಾತ್ರ ಹಾಗೆಯೇ ಉಳಿಯಿತು. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆವು. ಮುಂದೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿದೆವು. ಹೆಣ್ಣೆಂದು ಬೇಡವಾದ ಕುನ್ನಿಗೆ ಇದೇ ಸರಿಯಾದ ಪರಿಹಾರ. ಅದು ಬದುಕದೆ ಹೋಗಿದ್ದರೂ ನಮ್ಮ ಕ್ರಮ ಸರಿಯಾಗಿಯೇ ಇರುತ್ತಿತ್ತೆಂಬುದು ನನ್ನ ಅಭಿಪ್ರಾಯ.

ಹುಚ್ಚುನಾಯಿ ರೋಗದ ಬಗ್ಗೆ ಎರಡು ಮಾತು ಹೇಳಲೇಬೇಕು. ಲಕ್ಷಣ ಕಾಣಿಸಿದ ಮೇಲೆ ಆ ರೋಗದಿಂದ ಬದುಕುವವರು ಇಲ್ಲವೆಂದೇ ಹೇಳಬೇಕು. ಎಳೆಯ ಮರಿಗೂ ಅದು ಇರಬಹುದು. ಬೀದಿಯ ಮರಿ ಹಲ್ಲು ತಾಗಿಸಿದರೆ, ಪರಚಿದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರಿಯ ಮೇಲಿನ ಪ್ರೀತಿಯಿಂದ ಇದನ್ನು ಮುಚ್ಚಿಡುವುದು ಪ್ರಾಣಕ್ಕೆ ತರುವ ಕೆಲಸ.

ಸಾಕಲು ಆಗುವುದಿಲ್ಲವೆಂಬುದೂ ಪ್ರಾಮಾಣಿಕವಾದ ತೀರ್ಮಾನವೇ. ಆಗ ಮಾಡಬಹುದಾದುದೇನು? ತಾಯಿ ಬದುಕಿದ್ದರೆ ಮರಿಯನ್ನು ಅದರಿಂದ ಅಗಲಿಸದಿರುವುದು. ಕಾಯಿಲೆಯನ್ನು ಮುಚ್ಚಿಡದೆ ಹೇಳಿ ಬೇರೊಂದು ಮನೆ ಹುಡುಕುವುದು. ಗುಣವಾಗದೆ ನರಳುವ ಮರಿಯಾದರೆ ಪಶುವೈದ್ಯರ ಕೈಯಿಂದ ನೋವಿಲ್ಲದ ಮರಣ ಕೊಡಿಸುವುದು. ಎಲ್ಲೋ ಒಯ್ದು ಬಿಟ್ಟುಬರುವುದು ಮಾತ್ರ ಈ ಪಟ್ಟಿಯಲ್ಲಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ ಎಂದು ಕಾಯಿದೆಯಲ್ಲಿದೆ. ದಂಡ ಚಿಕ್ಕದೆಂದು ಅಪರಾಧ ಚಿಕ್ಕದಾಗುವುದಿಲ್ಲ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಸಂಬಂಧಪಟ್ಟ ಮಾತು. ಒಂದು ವಿದ್ಯಾರ್ಥಿನಿಲಯದಲ್ಲಿ ಆರು ಮಂದಿ ಸೇರಿ ಮರಿಯೊಂದನ್ನು ಸಾಕಿದರೆಂದೂ, ಬೇಸಿಗೆಯ ರಜೆಗೆ ಆರೂ ಮಂದಿ ಊರಿಗೆ ಹೋದರೆಂದೂ ಸ್ನೇಹಿತರೊಬ್ಬರು ಹೇಳಿದರು. ಆ ಮರಿ ಏನಾಯಿತೆಂದು ಕೇಳಿದರೆ ಆರರಲ್ಲಿ ಒಬ್ಬರಿಗೂ ತಿಳಿಯದು. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿರಲಿಲ್ಲ. ನಮ್ಮ ಕಾಲೇಜಿನ ಸೈಕಲ್ ಷೆಡ್ಡಿನ ಹಿಂದೆಯೂ ಈಗ ನಾಯಿಯೊಂದು ಮರಿ ಹಾಕಿದೆ. ನಾಲ್ಕು ಮರಿಗಳಲ್ಲಿ ಒಂದು ಬಹಳ ಚಿಕ್ಕದು. ಪರೀಕ್ಷೆಗಳು ಹತ್ತಿರದಲ್ಲಿವೆ, ಅದರ ಹಿಂದೆಯೇ ರಜೆ. "ನೋಡಿಕೊಳ್ಳುವವರು ಯಾರು" ಎಂಬ ಪ್ರಶ್ನೆಗೆ ತನ್ನ ಹೆಸರನ್ನೂ ಮನೆಯವರ ಒಪ್ಪಿಗೆಯನ್ನೂ ಕೊಡಬಲ್ಲವರು ಅದನ್ನು ಎತ್ತಿಕೊಳ್ಳಲಿ. ಉಳಿದ ನಾವು, ಮರಿಗಳನ್ನು ಅಲ್ಲಿಯೇ ಬಿಟ್ಟು, ಊಟದ ಡಬ್ಬಿಯಲ್ಲಿ ಮಿಕ್ಕಿದ್ದನ್ನು ತಾಯಿಗೆ ಹಾಕೋಣ. ತಾಯಿಗೆ ಹಾಕಿದ ಅನ್ನ ನಾಲ್ಕು ಮರಿಗಳಿಗೂ ಹಾಲಾಗುತ್ತದೆ.