ದಾಳಿಂಬೆಯ ರೋಗ, ಮನುಷ್ಯನ ಮದ್ದು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹೆಸರೆತ್ತಿದೊಡನೆ ನಗರವಾಸಿಗಳಾದ ನಮಗೆ ಗುಹಾದೇವಾಲಯಗಳೂ ಸೀರೆಗಳೂ ನೆನಪಾಗುತ್ತವೆ. ಆ ಒಣಸೀಮೆಯಲ್ಲಿ ಬೆಳೆದು ನಮ್ಮ ರೋಗಿಗಳ ಪಥ್ಯಕ್ಕೆ ಒದಗುವ ದಾಳಿಂಬೆ ನೆನಪಾಗುವುದು ಕಡಮೆ. ಆ ಹಣ್ಣಿಗೂ ರೋಗವುಂಟು. ಆ ರೋಗದಿಂದ ನಾವು ಕಲಿಯತಕ್ಕ ಪಾಠವೂ ಉಂಟು.

ರೋಗದ ಹೆಸರು ದುಂಡಾಣು ಅಂಗಮಾರಿ. ನಮ್ಮ ದೇಶದಲ್ಲಿ ಇದರ ಮೊದಲ ವರದಿ ೧೯೫೨ರಲ್ಲಿ ದೆಹಲಿಯಿಂದ ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಇದು ಉತ್ತರ ಕರ್ನಾಟಕದ ತೋಟಗಳಿಗೆ ಮಾರಿಯಾಗಿ ಎರಗಿ, ಅನೇಕ ರೈತರು ಗಿಡಗಳನ್ನೇ ಕಿತ್ತುಹಾಕುವಂತೆ ಮಾಡಿತು. ಕಾರಣವಾದ ಜೀವಿ ಕ್ಸಾಂಥೋಮೋನಾಸ್ ಕುಲದ್ದು. ಹೆಸರಿಗೆ ದುಂಡಾಣುವಾದರೂ ಅದರ ಆಕಾರ ಸಣ್ಣ ಕಡ್ಡಿಯಂತೆ. ಎಲೆಯ ಸೂಕ್ಷ್ಮರಂಧ್ರಗಳ ಮೂಲಕವೂ ಗಾಯಗಳ ಮೂಲಕವೂ ಅದು ಒಳಹೊಗುತ್ತದೆ. ಮೊದಲು ನೀರು ನೆನೆದಂತಹ ಚುಕ್ಕೆ, ಬಳಿಕ ಕಪ್ಪು ಕಲೆ, ಕೊನೆಗೆ ಹಣ್ಣೇ ಬಿರಿಯುವುದು. ಮಳೆಯ ತುಂತುರು, ರೋಗದ ಸಸಿ, ಗಿಡದಿಂದ ಗಿಡಕ್ಕೆ ತೊಳೆಯದೆ ಒಯ್ಯುವ ಕತ್ತರಿ, ಇವೇ ಅದರ ವಾಹನಗಳು.

ಇದಕ್ಕೆ ಮದ್ದೇನು? ರೈತರು ಸ್ಟ್ರೆಪ್ಟೊಮೈಸಿನ್ ಬೆರೆಸಿದ ನೀರನ್ನು ಸಿಂಪಡಿಸುತ್ತ ಬಂದರು. ೧೯೪೩ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ, ಮಣ್ಣಿನ ಜೀವಿಯೊಂದರಿಂದ ದೊರೆತ ಈ ವಸ್ತು ಕ್ಷಯಕ್ಕೆ ಮೊದಲ ಸಮರ್ಥ ಮದ್ದಾಯಿತು. ಪ್ಲೇಗಿನಲ್ಲಿಯೂ, ಬೇರೆ ಮದ್ದುಗಳಿಗೆ ಬಗ್ಗದ ಕೆಲವು ಕ್ಷಯಗಳಲ್ಲಿಯೂ ಇಂದಿಗೂ ವೈದ್ಯರಿಗೆ ಅದು ಆಸರೆ. ಆದರೆ ಗಿಡದ ಮೇಲೆ ಚಿಮುಕಿಸಿದ ಮದ್ದು ಒಳಗಡಗಿದ ದುಂಡಾಣುವನ್ನು ಪೂರ್ತಿಯಾಗಿ ಮುಟ್ಟದು. ಕೋಟಿಯಲ್ಲಿ ಕೆಲವು ಬದುಕುತ್ತವೆ. ಮದ್ದನ್ನು ತಾಳಬಲ್ಲ ಅವುಗಳ ಸಂತತಿಯೇ ಬೆಳೆಯುತ್ತದೆ. ಅಷ್ಟೇ ಅಲ್ಲ, ಆ ತಾಳುವ ಶಕ್ತಿ ಮಣ್ಣಿನಲ್ಲಿ ಒಂದು ಜಾತಿಯ ದುಂಡಾಣುವಿನಿಂದ ಮತ್ತೊಂದಕ್ಕೆ ದಾಟಬಲ್ಲದು. ಹೀಗೆ ಹುನಗುಂದದ ತೋಟದಲ್ಲಿ ಸವೆಯುವ ಮದ್ದು ಇಳಕಲ್ಲಿನ ನೇಕಾರನ ಕಾಯಿಲೆಗೆ ಬೇಕಾದ ಮದ್ದೂ ಹೌದು. ಈ ಅಪಾಯವನ್ನರಿತು ಕೇಂದ್ರ ಸರ್ಕಾರವು ೨೦೨೧ರ ಡಿಸೆಂಬರಿನಲ್ಲಿ ಬೇಸಾಯದಲ್ಲಿ ಇದರ ಬಳಕೆಯನ್ನು ನಿಲ್ಲಿಸುವ ಕರಡು ಆಜ್ಞೆಯನ್ನು ಹೊರಡಿಸಿತು.

ಹಾಗಾದರೆ ರೈತನು ಕೈಕಟ್ಟಿ ಕೂಡಬೇಕೆ? ಬೇಕಿಲ್ಲ. ರೋಗವಿಲ್ಲದ ಸಸಿಯನ್ನೇ ನೆಡುವುದು. ಕೊಯ್ಲಾದ ಮೇಲೆ ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ ಕೊಡುವುದು. ಕಲೆಬಿದ್ದ ಕೊಂಬೆಗಳನ್ನೂ ಉದುರಿದ ಎಲೆಗಳನ್ನೂ ಸುಡುವುದು. ಪ್ರತಿ ಗಿಡಕ್ಕೂ ಕತ್ತರಿಯನ್ನು ಕ್ರಿಮಿನಾಶಕದಲ್ಲಿ ಅದ್ದುವುದು. ಸವರಿದ ಬಳಿಕ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು. ಇದಕ್ಕಿಂತ ಮಿಗಿಲಾದ ಉಪಾಯ ಕಾಲವನ್ನು ಆರಿಸಿಕೊಳ್ಳುವುದು. ಮುಂಗಾರಿನ ಮೃಗ ಬಹಾರವನ್ನು ಬಿಟ್ಟು ಹಸ್ತ ಬಹಾರವನ್ನು ಹಿಡಿದರೆ, ಮಳೆ ಹಿಂದೆ ಸರಿದ ಮೇಲೆ ಕಾಯಿ ಬಲಿಯುತ್ತದೆ. ದುಂಡಾಣುವಿಗೆ ವಾಹನವೇ ತಪ್ಪುತ್ತದೆ.

ನಮ್ಮ ಮನೆಗಳಿಗೂ ನ್ಯಾಯ ಇದೇ. ಕೈ ತೊಳೆಯುವುದು, ಶುದ್ಧವಾದ ನೀರು, ಸಕಾಲದ ಲಸಿಕೆ, ಇವು ನಮ್ಮ ಹಸ್ತ ಬಹಾರ. ನೆಗಡಿಯು ದುಂಡಾಣುವಿನ ರೋಗವಲ್ಲ. ಅದಕ್ಕೆ ಅಂಗಡಿಯಿಂದ ಪ್ರತಿಜೀವಕವನ್ನು ತಂದು ನುಂಗುವವನು ಸುಮ್ಮನೆ ಗಿಡಕ್ಕೆ ಸಿಂಪಡಿಸುವವನಿಗಿಂತ ಬಲ್ಲಿದನಲ್ಲ. ವೈದ್ಯರು ಕೊಟ್ಟಾಗ ಮಾತ್ರ, ಅವರು ಹೇಳಿದಷ್ಟು ದಿನ ಸೇವಿಸಬೇಕು. ಈ ಮದ್ದುಗಳು ಊರಿಗೆಲ್ಲ ಒಂದೇ ಕೆರೆಯ ನೀರಿನಂತೆ. ಒಬ್ಬನು ಕೆಡಿಸಿದರೆ ಎಲ್ಲರ ಬಾಯಾರಿಕೆಯೂ ಉಳಿಯುತ್ತದೆ.