ಮೂಗಿನಿಂದ ಮಿದುಳಿಗೆ ನೇರ ದಾರಿ

1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಪೋಲಿಯೊ ಹಬ್ಬಿತು. ಅಲ್ಲಿನ ವೈದ್ಯರು ಸುಮಾರು ಐದು ಸಾವಿರ ಮಕ್ಕಳ ಮೂಗಿನೊಳಕ್ಕೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಿದರು. ವಾಸನೆಯ ನರಗಳನ್ನು ಹಿಡಿದು ವೈರಸ್ಸು ಮಿದುಳಿಗೆ ಏರುತ್ತದೆ, ಆ ಬಾಗಿಲು ಮುಚ್ಚಿದರೆ ಕಾಯಿಲೆ ತಪ್ಪುತ್ತದೆ ಎಂಬುದು ಅಂದಿನ ನಂಬಿಕೆ. ಪೋಲಿಯೊ ತಗ್ಗಲಿಲ್ಲ, ಕೆಲವು ಮಕ್ಕಳು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡರು. ಮನುಷ್ಯರಲ್ಲಿ ಈ ವೈರಸ್ಸು ಹೊಗುವುದು ಬಾಯಿಂದ, ಕರುಳಿನ ಮೂಲಕ ಎಂಬುದು ಆಮೇಲೆ ಖಚಿತವಾಯಿತು.

ಪೋಲಿಯೊ ವಿಷಯದಲ್ಲಿ ಲೆಕ್ಕ ತಪ್ಪಿತು ನಿಜ, ಆದರೆ ದಾರಿಯಂತೂ ಇತ್ತು. ಕೋತಿಗಳ ಮೂಗಿಗೆ ಬಿಟ್ಟ ವೈರಸ್ಸು ವಾಸನೆಯ ನರ ಹಿಡಿದೇ ಮಿದುಳು ಸೇರಿತ್ತು. ಪೋಲಿಯೊ ವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೊಮೀಟರ್. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ 80 ಸಾವಿರ ನ್ಯಾನೊಮೀಟರಿನ ಆಸುಪಾಸು. ನೂರು ನ್ಯಾನೊಮೀಟರಿಗಿಂತ ಸಣ್ಣದನ್ನು ನ್ಯಾನೊ ಕಣ ಎನ್ನುತ್ತಾರೆ. ವೈರಸ್ಸು ಹತ್ತಿದ ದಾರಿಯಲ್ಲಿ ಅಷ್ಟೇ ಗಾತ್ರದ ಹೊಗೆಯ ಕಣ ಯಾಕೆ ಹತ್ತಬಾರದು?

ಹತ್ತುತ್ತದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಗುಂಟರ್ ಓಬರ್‌ಡಾರ್ಸ್ಟರ್ ತಂಡ 2004ರಲ್ಲಿ ಇಲಿಗಳಿಗೆ 36 ನ್ಯಾನೊಮೀಟರಿನ ಇಂಗಾಲದ ಕಣಗಳನ್ನು ಉಸಿರಾಡಿಸಿ ಇದನ್ನು ತೋರಿಸಿತು. ವಾಸನೆಯನ್ನು ಗ್ರಹಿಸುವ ಮಿದುಳಿನ ಭಾಗದಲ್ಲಿ ಆ ಇಂಗಾಲ ದಿನದಿಂದ ದಿನಕ್ಕೆ ಏರುತ್ತಾ ಹೋಯಿತು. ರಕ್ತದಲ್ಲಿ ಬರುವ ಕಂಡಕಂಡ ವಸ್ತುವನ್ನು ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಕ್ತನಾಳಗಳ ಗೋಡೆಯೇ ಅಲ್ಲಿ ಬಿಗಿಯಾದ ತಡೆ. ವಾಸನೆಯ ನರಕೋಶದ ಒಂದು ತುದಿ ಹೊರಗಿನ ಗಾಳಿಗೆ ತೆರೆದುಕೊಂಡಿದ್ದರೆ ಇನ್ನೊಂದು ತುದಿ ಮಿದುಳಿನಲ್ಲೇ ಇದೆ. ಹಾಗಾಗಿ ಆ ತಡೆಯನ್ನು ದಾಟುವ ಪ್ರಮೇಯವೇ ಇಲ್ಲಿ ಬರುವುದಿಲ್ಲ. ಇಲಿಗೂ ಮನುಷ್ಯನಿಗೂ ವ್ಯತ್ಯಾಸವಿದೆ ಎನ್ನುವುದನ್ನು ಮರೆಯಬಾರದು. ಇಲಿಯ ಮೂಗಿನೊಳಗಿನ ಹಾಸಿನಲ್ಲಿ ಅರ್ಧದಷ್ಟು ವಾಸನೆಗೇ ಮೀಸಲು, ನಮ್ಮಲ್ಲಿ ಅದು ತೀರಾ ಸಣ್ಣ ಪಾಲು. ಇಲಿಗೆ ಆದದ್ದೆಲ್ಲ ಅದೇ ಪ್ರಮಾಣದಲ್ಲಿ ನಮಗೂ ಆಗುತ್ತದೆ ಎನ್ನುವವರ ಮಾತನ್ನು ಸ್ವಲ್ಪ ತೂಗಿ ನೋಡಿ.

ಒಳಗೆ ಹೋದ ಕಣ ಏನು ಮಾಡುತ್ತದೆ? ಮರದ ದಿಮ್ಮಿಗೆ ಬೆಂಕಿ ಹತ್ತುವುದು ತಡ, ಅದನ್ನೇ ಚಕ್ಕೆ ಮಾಡಿದರೆ ತಟ್ಟನೆ ಹತ್ತುತ್ತದೆ. ಅದೇ ತೂಕದ ವಸ್ತು ನ್ಯಾನೊ ಗಾತ್ರಕ್ಕೆ ಇಳಿದಾಗ ಅದರ ಮೈ ಅಗಾಧವಾಗಿ ಹರಡಿಕೊಳ್ಳುತ್ತದೆ, ಸುತ್ತಲಿನದರ ಜೊತೆ ಬಿರುಸಿನಿಂದ ವರ್ತಿಸುತ್ತದೆ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇದ್ದರೂ ಆಮ್ಲಜನಕದಲ್ಲಿ ಐದನೇ ಒಂದು ಪಾಲನ್ನು ಕಬಳಿಸುತ್ತದೆ, ಜೊತೆಗೆ ಕೊಬ್ಬು ತುಂಬಿದ ಅಂಗ. ಕಬ್ಬಿಣದಂಥ ಲೋಹದ ಕಣ ಅಲ್ಲಿ ಸೇರಿದರೆ ಉಗ್ರವಾಗಿ ವರ್ತಿಸುವ ಆಮ್ಲಜನಕದ ರೂಪಗಳು ಹುಟ್ಟಿ ಆ ಕೊಬ್ಬನ್ನು ಕೆಡಿಸುತ್ತವೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳು ಕಣವನ್ನು ನುಂಗಲು ಹೋಗಿ, ಕರಗಿಸಲಾಗದೆ, ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ. ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದು ಅಪರೂಪ.

ಇವೆಲ್ಲ ಪ್ರಯೋಗಾಲಯದ ಮಾತಾಯಿತು. ಮನುಷ್ಯರ ಮೇಲಿನ ಗಟ್ಟಿ ಪುರಾವೆ ಬೇಕೆಂದರೆ ಮ್ಯಾಂಗನೀಸಿನ ಕಥೆ ನೋಡಬೇಕು. 1837ರಲ್ಲಿ ಗ್ಲಾಸ್ಗೋದ ವೈದ್ಯ ಕೂಪರ್, ಬ್ಲೀಚಿಂಗ್ ಪುಡಿ ತಯಾರಿಕೆಗಾಗಿ ಮ್ಯಾಂಗನೀಸ್ ಅದಿರು ಅರೆಯುತ್ತಿದ್ದ ಕೆಲಸಗಾರರನ್ನು ಪರೀಕ್ಷಿಸಿದ. ಅವರ ಕಾಲಿನ ಬಲ ಕುಂದಿತ್ತು, ನಡೆಯುವಾಗ ಮುಂದಕ್ಕೆ ಬಾಗುತ್ತಿದ್ದರು, ದನಿ ಪಿಸುಮಾತಿಗೆ ಇಳಿದಿತ್ತು. ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ, ಆದರೆ ಅದಕ್ಕೆ ಕೊಡುವ ಲೀವೊಡೋಪ ಮಾತ್ರೆಗೆ ಸರಿಯಾಗಿ ಬಗ್ಗದ ಈ ನಂಜಿಗೆ ಇಂದು ಮ್ಯಾಂಗನಿಸಂ ಎಂಬ ಹೆಸರಿದೆ. ಊಟದಲ್ಲಿ ಬಂದ ಹೆಚ್ಚುವರಿ ಮ್ಯಾಂಗನೀಸನ್ನು ಯಕೃತ್ತು ಪಿತ್ತರಸದ ಜೊತೆ ಹೊರಹಾಕುತ್ತದೆ. ಉಸಿರಿನಲ್ಲಿ ಬಂದದ್ದು ಯಕೃತ್ತಿನ ಕೈಗೆ ಸಿಗುವ ಮೊದಲೇ ರಕ್ತಕ್ಕೂ ಮಿದುಳಿಗೂ ಸೇರಬಲ್ಲದು. ಕೂಪರ್ ಕಂಡದ್ದು ಒರಟು ದೂಳು. ರಾಚೆಸ್ಟರ್ ತಂಡ 2006ರಲ್ಲಿ ಮ್ಯಾಂಗನೀಸ್ ಆಕ್ಸೈಡಿನ ನ್ಯಾನೊ ಕಣಗಳನ್ನು 12 ದಿನ ಇಲಿಗಳಿಗೆ ಉಸಿರಾಡಿಸಿದಾಗ, ವಾಸನೆಯ ಭಾಗದಲ್ಲಿ ಮ್ಯಾಂಗನೀಸ್ ಮೂರೂವರೆ ಪಟ್ಟು ಏರಿತು.

ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಗಣಿ ಇರುವುದು ನಮಗೆ ಗೊತ್ತು. ಆದರೆ ನನ್ನ ಚಿಂತೆ ಗಣಿಗಿಂತ ಊರೂರಿನ ಗೇಟು, ಗ್ರಿಲ್ ಮಾಡುವ ಶೆಡ್ಡುಗಳದು. ವೆಲ್ಡಿಂಗ್ ರಾಡಿನಲ್ಲಿ ಮ್ಯಾಂಗನೀಸ್ ಇರುತ್ತದೆ. ಆ ಕಾವಿಗೆ ಆವಿಯಾದ ಲೋಹ ತಣಿಯುತ್ತಿದ್ದಂತೆ ನ್ಯಾನೊ ಕಣಗಳಾಗಿ ಗಟ್ಟಿಯಾಗುತ್ತದೆ. ನೀಲಿಯಾಗಿ ಮೇಲೇಳುವ ಹೊಗೆ ಅದೇ. ಕೈಯಲ್ಲಿ ಹಿಡಿಯುವ ಕಪ್ಪು ಗಾಜು ಕಣ್ಣನ್ನು ಕಾಯುತ್ತದೆ, ಮೂಗನ್ನಲ್ಲ. ವೆಲ್ಡಿಂಗಿನಿಂದ ನಿಜವಾದ ಪಾರ್ಕಿನ್ಸನ್ ಕಾಯಿಲೆಯೇ ಬರುತ್ತದೆಯೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಆದರೆ ಮುಚ್ಚಿದ ಜಾಗದಲ್ಲಿ ವರ್ಷಗಟ್ಟಲೆ ಆ ಹೊಗೆ ಕುಡಿದವರ ಮಿದುಳಿನ ಸ್ಕ್ಯಾನಿನಲ್ಲಿ ಮ್ಯಾಂಗನೀಸ್ ಎದ್ದು ಕಾಣುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಬೀದಿಯ ಗಾಳಿಯ ವಿಷಯಕ್ಕೆ ಬಂದರೆ ಪುರಾವೆ ಇಷ್ಟು ನಿಖರವಲ್ಲ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹರ್ ತಂಡ 2016ರಲ್ಲಿ ಮೆಕ್ಸಿಕೊ ಸಿಟಿ ಮತ್ತು ಮ್ಯಾಂಚೆಸ್ಟರಿನ 37 ಮೃತರ ಮಿದುಳುಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಕಣಗಳನ್ನು ಕಂಡಿತು. ಅವುಗಳಲ್ಲಿ ಬಹುಪಾಲು ದುಂಡಗೆ ಇದ್ದವು. ಹೆಚ್ಚಿನ ಕಾವಿನಲ್ಲಿ, ಎಂದರೆ ಇಂಜಿನ್ನಿನಲ್ಲೋ ಬ್ರೇಕಿನ ಉಜ್ಜಾಟದಲ್ಲೋ ಹುಟ್ಟಿದ ಲಕ್ಷಣವದು. ಮಿದುಳಲ್ಲಿ ಕಣ ಇದ್ದ ಮಾತ್ರಕ್ಕೆ ಮರೆಗುಳಿತನಕ್ಕೆ ಅದೇ ಕಾರಣ ಎಂದಾಗುವುದಿಲ್ಲ. ವಾಯುಮಾಲಿನ್ಯವನ್ನು ಒಟ್ಟಾರೆಯಾಗಿ ಮರೆಗುಳಿತನದ ಅಪಾಯಗಳ ಪಟ್ಟಿಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲಿ ಸೇರಿಸಿತು. ಮಿದುಳಿನಲ್ಲಿ ಪ್ಲಾಸ್ಟಿಕ್ ಕಣಗಳಿವೆ ಎಂದು 2025ರಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ತಂಡ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಮಿದುಳಿನ ಕೊಬ್ಬನ್ನೇ ಆ ಪರೀಕ್ಷೆ ಪ್ಲಾಸ್ಟಿಕ್ಕೆಂದು ಓದಿರಬಹುದು ಎಂಬ ಆಕ್ಷೇಪ ಅಷ್ಟು ಸುದ್ದಿಯಾಗಲಿಲ್ಲ.

ಈಗ ರಕ್ಷಣೆಯ ಮಾತು. ಇಷ್ಟು ಸಣ್ಣ ಕಣವನ್ನು ಮಾಸ್ಕ್ ತಡೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಎನ್ 95 ಮಾಸ್ಕ್ ಬರೀ ಜರಡಿಯಲ್ಲ. ಗಾಳಿಯ ಅಣುಗಳ ಗುದ್ದಿಗೆ ನ್ಯಾನೊ ಕಣ ಅತ್ತಿತ್ತ ತುಯ್ದಾಡುತ್ತಾ ಹೋಗಿ ಮಾಸ್ಕಿನ ಎಳೆಗೆ ತಾಗುತ್ತದೆ, ಎಳೆಯಲ್ಲಿರುವ ವಿದ್ಯುದಾವೇಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಖಕ್ಕೆ ಬಿಗಿಯಾಗಿ ಕೂರಬೇಕು, ಒಗೆಯಬಾರದು. ಬಟ್ಟೆ ಮಾಸ್ಕಿನಿಂದ ಈ ಕೆಲಸವಾಗದು. ವೆಲ್ಡಿಂಗ್ ಮಾಡುವವರಿಗೆ ಮಾಸ್ಕಿಗಿಂತ ಮೊದಲು ಬೇಕಾದದ್ದು ಹೊಗೆಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ವ್ಯವಸ್ಥೆ. ಅದಿಲ್ಲದಿದ್ದರೆ ಬಯಲಿನಲ್ಲಿ ಕೆಲಸ, ಪಕ್ಕದಿಂದ ಫ್ಯಾನು, ಮೇಲೇಳುವ ಹೊಗೆಯ ಮೇಲೆ ತಲೆ ಬಗ್ಗಿಸದ ಅಭ್ಯಾಸ. ಬೆಲ್ಲ ತಿಂದರೆ ದೂಳು ಇಳಿಯುತ್ತದೆ ಎಂಬ ನಂಬಿಕೆ ಕಾರ್ಖಾನೆಗಳಲ್ಲಿ ಹಳೆಯದು. ಬೆಲ್ಲ ಧಾರಾಳ ತಿನ್ನಲಿ, ಅದು ಮೂಗಿನ ದಾರಿಯನ್ನಂತೂ ಮುಚ್ಚದು. ನಂಜು ತೆಗೆಯುತ್ತೇವೆ ಎಂಬ ದುಬಾರಿ ಕ್ಯಾಪ್ಸೂಲುಗಳಿಗೂ ಇದೇ ಮಾತು. ರಕ್ತಹೀನತೆ ಇದ್ದರೆ ಚಿಕಿತ್ಸೆ ಪಡೆಯಿರಿ. ಕಬ್ಬಿಣದ ಕೊರತೆ ಇರುವ ದೇಹ ಮ್ಯಾಂಗನೀಸನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಮನೆಯೊಳಗೂ ನೋಡಿಕೊಳ್ಳಬೇಕು. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗುವನ್ನು ಮಲಗಿಸಿ ಬತ್ತಿ ಹಚ್ಚುವ ಬದಲು ಸೊಳ್ಳೆ ಪರದೆ ಕಟ್ಟುವುದು ಅಗ್ಗ, ಕ್ಷೇಮ. ಊದುಬತ್ತಿಯನ್ನು ಬಿಡಿ ಎಂದರೆ ಮೈಸೂರಿನವರು ಕೋಪಿಸಿಕೊಂಡಾರು. ಕಿಟಕಿ ತೆರೆದಿಡಿ ಎಂದಷ್ಟೇ ಹೇಳುತ್ತೇನೆ.

ಉಳಿದದ್ದು ಸರ್ಕಾರದ ಕೆಲಸ. ನಮ್ಮ ಗಾಳಿಯ ಗುಣಮಟ್ಟದ ಮಾನದಂಡ ಕಣಗಳನ್ನು ತೂಗುತ್ತದೆ, ಎಣಿಸುವುದಿಲ್ಲ. ಪಿಎಂ 2.5 ಎಂಬ ವರ್ಗದ, 2,500 ನ್ಯಾನೊಮೀಟರ್ ಅಡ್ಡಳತೆಯ ಒಂದು ದೊಡ್ಡ ಕಣದ ತೂಕಕ್ಕೆ 25 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳು ಬೇಕು. ಹಾಗಾಗಿ ತಕ್ಕಡಿಯಲ್ಲಿ ಚೊಕ್ಕವಾಗಿ ಕಂಡ ಗಾಳಿಯಲ್ಲೂ ನ್ಯಾನೊ ಕಣ ಕಿಕ್ಕಿರಿದಿರಬಹುದು. ಘನ ಸೆಂಟಿಮೀಟರಿಗೆ ದಿನದ ಸರಾಸರಿ ಹತ್ತು ಸಾವಿರ ಕಣ ದಾಟಿದರೆ ಅದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ, ಎಣಿಕೆ ಶುರು ಮಾಡಿ ಎಂದೂ ಸಲಹೆ ಕೊಟ್ಟಿದೆ. 2020ರ ಏಪ್ರಿಲಿನಿಂದ ಜಾರಿಯಲ್ಲಿರುವ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಡೀಸೆಲ್ ಕಾರು ಕಿಲೋಮೀಟರಿಗೆ 60 ಸಾವಿರ ಕೋಟಿ ಕಣಗಳಿಗಿಂತ ಹೆಚ್ಚು ಬಿಡಬಾರದೆಂದು ಎಣಿಸಿಯೇ ಹೇಳುತ್ತದೆ. ಕಾರಿನ ಕೊಳವೆಗೆ ಇರುವ ಈ ಲೆಕ್ಕ ಜನರು ಉಸಿರಾಡುವ ಗಾಳಿಗೂ ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕಣ ಎಣಿಸುವ ಯಂತ್ರಗಳನ್ನು ಬೆಂಗಳೂರಿನ ಪೀಣ್ಯದಲ್ಲೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೂ ಇಟ್ಟು ಆ ಅಂಕಿಗಳನ್ನು ಪ್ರತಿದಿನ ಪ್ರಕಟಿಸಲಿ.